ದಿನಕ್ಕೊಂದು ದಿಕ್ಕು

ಬೋಗಾದಿ, ಮೈಸೂರು

ಚಿ. ಮೇಘನಾಳಿಗೆ,

ಚಳಿ ಶುರುವಾದ ಮೇಲೆ ನಿನ್ನ ದೊಡ್ಡಪ್ಪನ ಮಂಡಿನೋವು ಸ್ವಲ್ಪ ಜಾಸ್ತಿ, ಆದರೂ ಬೆಳಗಿನ ವಾಕಿಂಗ್ ಬಿಟ್ಟಿಲ್ಲ. ಯಾರ್ಕಿನ ಗೆಳತಿಯರಿಬ್ಬರನ್ನು ಕರೆದುಕೊಂಡು ಬರುತ್ತೇನೆ, ನಾಲ್ಕು ದಿನ ನಿಮ್ಮಲ್ಲೇ ಇರುತ್ತೇವೆ ಅಂತ ನೀನು ಹೇಳಿದ ಮೇಲೆ ಮನೆಯಲ್ಲಿ ಅದೇ ಮಾತು. ಏನೇನು ತೋರಿಸಬೇಕು, ಒಂದು ಪಟ್ಟಿ ಕಳಿಸು ದೊಡ್ಡಮ್ಮ ಅಂದೆಯಲ್ಲ, ಪಟ್ಟಿ ಮಾಡಲು ಕೂತವಳಿಗೆ ಅದು ಕಾಗದವೇ ಆಗಿಹೋಯಿತು. ಪುರುಸೊತ್ತಾಗಿ ಓದು.

ಯಾರ್ಕಿನಿಂದ ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದ್ದೇನೆ. ಊರಿಗೆ ಕಲ್ಲಿನ ಕೋಟೆಗೋಡೆ, ಅದರ ಮೇಲೆ ನೀವು ಮೂವರೂ ಮಫ್ಲರ್ ಸುತ್ತಿಕೊಂಡು ನಡೆಯುತ್ತಿರುವುದು, ಹಿಂದೆ ಆ ಮಿನ್‌ಸ್ಟರ್ ಚರ್ಚಿನ ಗೋಪುರಗಳು. ರಜಾ ದಿನ ಬುತ್ತಿ ಕಟ್ಟಿಕೊಂಡು ಗೋಡೆ ಮೇಲೆ ಒಂದು ಸುತ್ತು, ಮಧ್ಯಾಹ್ನ ರೈಲ್ವೆ ಮ್ಯೂಸಿಯಂ, ಸಂಜೆ ಊಸ್ ನದಿಯ ದಂಡೆ, ಅಷ್ಟೇ ನಮ್ಮ ದಿನ ಅಂತ ನೀನು ಹೇಳಿದ್ದು ನನಗೆ ಬಹಳ ಹಿಡಿಸಿತು. ಆ ಚರ್ಚಿಗೆ 1984ರಲ್ಲಿ ಬೆಂಕಿ ಬಿದ್ದು ಒಂದು ಪಕ್ಕದ ಚಾವಣಿ ಪೂರಾ ಸುಟ್ಟುಹೋಗಿತ್ತಂತೆ, ಆಮೇಲೆ ಮತ್ತೆ ಕಟ್ಟಿದರಂತೆ ಅಂತಲೂ ಹೇಳಿದ್ದೆ. ನಮ್ಮ ಈಗಿನ ಅರಮನೆಯ ಕಥೆಯೂ ಬೆಂಕಿಯಿಂದಲೇ ಶುರುವಾಗುವುದು ಕಣೇ. ಅದನ್ನು ಅವರಿಗೆ ಗೈಡ್ ಹೇಳಬಾರದು, ನೀನೇ ಹೇಳಬೇಕು. ಅದಕ್ಕೇ ಇಲ್ಲಿ ಬರೆದಿಡುತ್ತೇನೆ.

1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ. ಆ ಸಂಭ್ರಮದ ನಡುವೆಯೇ ಹಳೆಯ ಮರದ ಅರಮನೆಗೆ ಬೆಂಕಿ ಹತ್ತಿಕೊಂಡಿತು. ಮಗ ನಾಲ್ವಡಿಯವರು ಇನ್ನೂ ಚಿಕ್ಕವರಾದ್ದರಿಂದ ರಾಜ್ಯಭಾರವೆಲ್ಲ ತಾಯಿ ಕೆಂಪನಂಜಮ್ಮಣ್ಣಿಯವರ ಹೆಗಲ ಮೇಲಿತ್ತು. ಗಂಡನನ್ನು ಕಳೆದುಕೊಂಡು ಮೂರು ವರ್ಷ ಕೂಡ ಆಗಿರಲಿಲ್ಲ. ಆ ಹೆಣ್ಣುಮಗಳು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿ ಹೊಸ ಅರಮನೆಯ ಕೆಲಸ ಹಿಡಿಸಿದರು. ಅದು ಮುಗಿದದ್ದು 1912ರಲ್ಲಿ. ಈ ನಡುವೆ, 1905ರಲ್ಲಿ, ಅದೇ ಜಯಲಕ್ಷಮ್ಮಣ್ಣಿಯವರಿಗಾಗಿ ಒಂದು ಮಹಲು ಎದ್ದಿತು. ಅದು ಎಲ್ಲಿದೆ ಗೊತ್ತೇ? ನಮ್ಮ ಮನೆಗೆ ಹತ್ತಿರವೇ, ಮಾನಸಗಂಗೋತ್ರಿಯ ಒಳಗೆ. ಜಯಲಕ್ಷ್ಮಿ ವಿಲಾಸ. ಅರಮನೆ ಮುಂದೆ ಸಾಲುಗಟ್ಟಿ ನಿಲ್ಲುವ ಟೂರಿಸ್ಟ್ ಬಸ್ಸುಗಳು ಇತ್ತ ತಲೆ ಹಾಕುವುದೇ ಇಲ್ಲ.

ಆ ಬಸ್ಸುಗಳ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬೆಳಗ್ಗೆ ಬೆಟ್ಟ, ಆಮೇಲೆ ಅರಮನೆ, ಜೂ, ಊಟ, ಚರ್ಚು, ಶ್ರೀರಂಗಪಟ್ಟಣ, ರಾತ್ರಿ ಬೃಂದಾವನದ ಕಾರಂಜಿ. ಒಂದೇ ದಿನದಲ್ಲಿ ಎಲ್ಲವನ್ನೂ ತೋರಿಸಿಬಿಡುತ್ತಾರೆ. ನಿನ್ನ ಸೋದರತ್ತೆಯ ಮನೆಯವರು ಬಂದಾಗ ನಾನೂ ಹಾಗೇ ಸುತ್ತಿಸಿದೆ. ಕಾರಂಜಿ ಬಣ್ಣ ಬಣ್ಣವಾಗಿ ಚಿಮ್ಮುವ ಹೊತ್ತಿಗೆ ಮಕ್ಕಳೆಲ್ಲ ತೊಡೆ ಮೇಲೆ ನಿದ್ದೆ. ನೀನು ಹಾಗೆ ಮಾಡಬೇಡ ಮರಿ. ದಿನಕ್ಕೊಂದು ದಿಕ್ಕು ಇಟ್ಟುಕೋ. ಎದ್ದು ಒಂದು ಕಡೆ ಮುಖ ಮಾಡಿದರೆ ಸಂಜೆವರೆಗೂ ಆ ಕಡೆಯೇ. ಉಳಿದದ್ದು ನಾಳೆಗೆ. ನಾಳೆಯೂ ಆಗದಿದ್ದರೆ ಮುಂದಿನ ಸಲಕ್ಕೆ.

ಮೊದಲ ದಿನ ನಮ್ಮ ದಿಕ್ಕು. ವಿಮಾನದ ಆಯಾಸಕ್ಕೆ ಅವರಿಗೆ ನಸುಕಿಗೆ ಏಳುವುದು ಕಷ್ಟವೇ, ಆದರೂ ಎಬ್ಬಿಸು. ಒಂದೊಂದು ಲೋಟ ಕಾಫಿ ಕುಡಿಸಿ ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋಗು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ ಅದು. ಏರಿಯ ಮೇಲೆ ಮಂಜು ಇನ್ನೂ ಹರಿದಿರುವುದಿಲ್ಲ. ಹೆಜ್ಜಾರ್ಲೆಗಳು ನೀರಿನ ಮೇಲೆ ಒಂದರ ಹಿಂದೆ ಒಂದು ತೇಲುತ್ತಾ ಬಂದು, ಎಲ್ಲವೂ ಒಟ್ಟಿಗೆ ಕೊಕ್ಕನ್ನು ನೀರಿಗೆ ಅದ್ದುತ್ತವೆ. ಮೇಲೆತ್ತಿದಾಗ ಕೊಕ್ಕಿನ ಕೆಳಗಿನ ಚೀಲ ತುಂಬಿ ಜೋಲುತ್ತಿರುತ್ತದೆ. ನೀರನ್ನೆಲ್ಲ ಸುರಿಸಿ, ಕತ್ತು ಹಿಂದಕ್ಕೆ ವಾಲಿಸಿ ಮೀನು ನುಂಗುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಸುತ್ತ ದಾರಿ ಇದೆ, ನಿಧಾನವಾಗಿ ಒಂದು ಸುತ್ತು ಬನ್ನಿ. ಕುವೆಂಪು ದಿನವೂ ನಡೆಯುತ್ತಿದ್ದ ಕೆರೆ ಇದು, ಇದರ ಮೇಲೆ ಕವಿತೆಗಳನ್ನೂ ಬರೆದವರು. ಪಕ್ಕದ ವಿಶ್ವವಿದ್ಯಾನಿಲಯದ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ ಅಂತ ಹೇಳು. ಫೋಟೋ ತೆಗೆಯುವ ಭರದಲ್ಲಿ ಕಲ್ಲುಕಟ್ಟೆಯ ಅಂಚಿಗೆ ಇಳಿಯುವುದು ಬೇಡ, ಪಾಚಿ ಇರುತ್ತದೆ.

ಅಲ್ಲಿಂದ ಜಯಲಕ್ಷ್ಮಿ ವಿಲಾಸ. ಒಳಗೆ ಜಾನಪದ ವಸ್ತುಸಂಗ್ರಹಾಲಯ. ತೊಗಲುಗೊಂಬೆ, ಯಕ್ಷಗಾನದ ಕಿರೀಟ, ಸೋಮನ ಮುಖವಾಡ, ನಮ್ಮ ಅಜ್ಜಿಯರ ಕಾಲದ ಸೇರು ಪಾವು. ದುರಸ್ತಿ ನಡೆಯುವ ದಿನಗಳಲ್ಲಿ ಒಳಗೆ ಬಿಡುವುದಿಲ್ಲ, ಆದರೂ ಹೊರಗಿನಿಂದಲೇ ಆ ಕಂಬಸಾಲು ತೋರಿಸು. ಮರದ ನೆರಳಿನಲ್ಲಿ ಕೂತು ಆ ಮದುವೆಯ ಕಥೆ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮಧ್ಯಾಹ್ನ ಊಟ ಮಾಡಿ ರೈಲ್ವೆ ಮ್ಯೂಸಿಯಂಗೆ. ನಿಮ್ಮ ಯಾರ್ಕಿನದು 1975ರಲ್ಲಿ ತೆರೆದದ್ದು ಅಂದೆ. ನಮ್ಮದು 1979. ಆ ಲೆಕ್ಕದಲ್ಲಿ ತಂಗಿಯಾಗಬೇಕು. ಗಾತ್ರದಲ್ಲಿ ನಿಮ್ಮದಕ್ಕೆ ಸಾಟಿಯಲ್ಲ, ಮಲ್ಲಾರ್ಡ್ ಥರ ಪ್ರಪಂಚವೆಲ್ಲ ಬಲ್ಲ ಇಂಜಿನ್ನೂ ಇಲ್ಲ. ಆದರೆ ಮಹಾರಾಣಿಯವರ ಸಲೂನ್ ಇದೆ, 1899ರದು. ಊಟದ ಬೋಗಿ ಬೇರೆ, ಅಡುಗೆಗೆ ಬೇರೆ. ಕಿಟಕಿಗೆ ಮುಖ ಒತ್ತಿ ಒಳಗಿನ ಮಂಚ, ಮೇಜುಗಳನ್ನು ನೋಡುತ್ತಾ, ಹೆತ್ತ ಮಗಳ ಮದುವೆ ಹೊತ್ತಿನಲ್ಲಿ ಮನೆ ಕಳೆದುಕೊಂಡ ಆ ರಾಣಿ ಇದರಲ್ಲಿ ಎಲ್ಲೆಲ್ಲಿಗೆ ಹೋಗಿರಬಹುದು ಎಂದು ನಾನು ಯೋಚಿಸಿದ್ದುಂಟು.

ಅರಮನೆಗೆ ಮಾತ್ರ ಭಾನುವಾರ ಇಟ್ಟುಕೋ. ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ಸಂಜೆ ಏಳಕ್ಕೆ ದೀಪ ಹಾಕುತ್ತಾರೆ. ಒಂದು ಲಕ್ಷದ ಹತ್ತಿರ ಬಲ್ಬು ಒಮ್ಮೆಗೇ ಹತ್ತುತ್ತವೆ. ಆ ದಿನ ಊರೊಳಗೇ ಇರಿ. ಬೆಳಗ್ಗೆ ದೇವರಾಜ ಮಾರುಕಟ್ಟೆ. ಅರಿಶಿನ ಕುಂಕುಮದ ಗುಪ್ಪೆಗಳ ಎದುರು ಎಲ್ಲರೂ ಫೋಟೋ ತೆಗೆಯುತ್ತಾರೆ, ತೆಗೆಯಲಿ. ನೀನು ಹಣ್ಣಿನ ಸಾಲಿಗೂ ಕರೆದುಕೊಂಡು ಹೋಗು. ನಂಜನಗೂಡು ರಸಬಾಳೆ ಸಿಕ್ಕರೆ ಬಿಡಬೇಡ. ಸಿಪ್ಪೆ ಕಪ್ಪಾಗಿದೆ ಅಂತ ಅವರು ಹಿಂಜರಿದರೆ ಸುಲಿದು ತೋರಿಸು, ಒಳಗೆ ಬೆಣ್ಣೆ ಬಣ್ಣದ ಹಣ್ಣು ಹಾಗೇ ಇರುತ್ತದೆ. ಡಿಸೆಂಬರಿನಲ್ಲಿ ಮೈಸೂರು ಮಲ್ಲಿಗೆ ಅಪರೂಪ, ಸಿಕ್ಕರೂ ಬೆಲೆ ಏರಿರುತ್ತದೆ. ಸೇವಂತಿಗೆ ಕೊಳ್ಳಿ. ಮೊಳ ಹಾಕುವಾಗ ಹೂವಾಡಗಿತ್ತಿ ತನ್ನ ಮೊಳಕೈಯಿಂದ ಅಳೆಯುತ್ತಾಳಲ್ಲ, ಅದನ್ನು ಅವರು ನೋಡಬೇಕು. ಆ ಮಾರುಕಟ್ಟೆಯ ಕಟ್ಟಡ ಹಳೆಯದಾಯಿತು. 2016ರಲ್ಲಿ ಒಂದು ಭಾಗ ಕುಸಿದೂ ಬಿತ್ತು. ಹಾಗಾಗಿಯೇ ನೋಡುವುದನ್ನು ಮುಂದೂಡಬೇಡ ಅನ್ನುತ್ತೇನೆ.

ಅಲ್ಲಿಂದ ನಡೆದೇ ಜಗನ್ಮೋಹನ ಅರಮನೆ. ಕೈಯಲ್ಲಿ ದೀಪ ಹಿಡಿದ ಹುಡುಗಿಯ ಚಿತ್ರದ ಮುಂದೆ ಅವಸರ ಮಾಡಬೇಡಿ. ಬಹಳ ಜನ ಅದನ್ನು ರವಿವರ್ಮನದು ಅಂದುಕೊಂಡಿದ್ದಾರೆ. ಬರೆದವರು ಎಸ್.ಎಲ್. ಹಲ್ದಂಕರ್, ಅದೂ ಜಲವರ್ಣದಲ್ಲಿ, ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು. ದೀಪಕ್ಕೆ ಅಡ್ಡ ಹಿಡಿದ ಆ ಬೆರಳುಗಳ ಸಂದಿಯಲ್ಲಿ ಕೆಂಪು ಬೆಳಕು ಕಾಣುತ್ತದೆ, ನೋಡು. ದೊಡ್ಡ ಅರಮನೆಯ ಒಳಗೆ ಕಲ್ಯಾಣಮಂಟಪದಲ್ಲಿ ತಲೆಯೆತ್ತಿದರೆ ನವಿಲಿನ ಬಣ್ಣದ ಗಾಜು, ಅದು ಗ್ಲಾಸ್ಗೋದಿಂದ ಬಂದದ್ದು, ನಿನ್ನ ಗೆಳತಿಯರಿಗೆ ಅವರ ಕಡೆಯ ಕೆಲಸ ಅಂತ ಖುಷಿಯಾದೀತು. ಗೋಡೆಯುದ್ದಕ್ಕೂ ಜಂಬೂಸವಾರಿಯ ಚಿತ್ರಗಳಿವೆ. ಚಪ್ಪಲಿ ಹೊರಗೇ ಬಿಡಬೇಕು, ಆ ನೆಲ ಡಿಸೆಂಬರಿನಲ್ಲಿ ತಣ್ಣಗಿರುತ್ತದೆ, ಕಾಲುಚೀಲ ಹಾಕಿಕೊಳ್ಳಲಿ.

ಇನ್ನೊಂದು ದಿನ ಬೆಟ್ಟ, ಅದಕ್ಕೆ ಕಾರು ಬೇಡ. ಪಾದದ ಹತ್ತಿರ ಇಳಿದು ಮೆಟ್ಟಿಲು ಹತ್ತಿ. ಸಾವಿರ ಮೆಟ್ಟಿಲು ಅಂದರೆ ಹೆದರುತ್ತಾರೇನೋ, ಆದರೆ ಕೋಟೆಗೋಡೆ ಮೇಲೆ ನಡೆದು ರೂಢಿಯಾದ ಕಾಲುಗಳಲ್ಲವೇ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿರುತ್ತಾರೆ. ಅವರನ್ನು ದಾಟುವಾಗ ಒಂದು ಕ್ಷಣ ನಿಂತು ದಾರಿ ಬಿಡಿ, ಕೇಳದೆ ಕ್ಯಾಮೆರಾ ಎತ್ತುವುದು ಬೇಡ. ಮುಕ್ಕಾಲು ದಾರಿಗೆ ನಂದಿ ಸಿಗುತ್ತಾನೆ. ಒಂದೇ ಬಂಡೆಯಲ್ಲಿ ಕಡೆದದ್ದು, ಹದಿನೇಳನೆಯ ಶತಮಾನದ್ದು, ಕೊರಳ ಗಂಟೆಗಳ ಒಂದೊಂದು ಗೆರೆಯೂ ಸ್ಪಷ್ಟ. ಇಳಿದು ನಜರ್‌ಬಾದಿನಲ್ಲಿ ಮೈಲಾರಿ ದೋಸೆ ತಿನ್ನಿ, ಆಮೇಲೆ ಶಕ್ತಿಯಿದ್ದರೆ ಜೂ. ಅದು ಮಂಗಳವಾರ ರಜೆ, ನೆನಪಿರಲಿ.

ಉಳಿದ ಒಂದು ದಿನ ಶ್ರೀರಂಗಪಟ್ಟಣ ಮತ್ತು ರಂಗನತಿಟ್ಟು. ಆ ಕಡೆಯದನ್ನೆಲ್ಲ ನಿನ್ನ ದೊಡ್ಡಪ್ಪನೇ ತೋರಿಸುತ್ತಾರಂತೆ, ನಾನು ಅದರಲ್ಲಿ ಕೈ ಹಾಕುವುದಿಲ್ಲ.

ಇಪ್ಪತ್ತನಾಲ್ಕರ ರಾತ್ರಿ ನೀವು ಇಲ್ಲೇ ಇದ್ದರೆ ಸಂತ ಫಿಲೋಮಿನಾ ಚರ್ಚಿಗೆ ಹೋಗೋಣ. 1933ರಲ್ಲಿ ಅದಕ್ಕೆ ಅಡಿಗಲ್ಲು ಇಟ್ಟವರು ನಾಲ್ವಡಿಯವರು. ಮನೆಯಿಂದ ದೂರ ಇರುವ ಹುಡುಗಿಯರಿಗೆ ಹಬ್ಬದ ದಿನ ತಮ್ಮ ಹಾಡು ಕಿವಿಗೆ ಬಿದ್ದರೆ ಎಷ್ಟು ಸಮಾಧಾನವೋ, ದೀಪಾವಳಿಯಲ್ಲಿ ನೀನು ಫೋನ್ ಮಾಡಿ ಅತ್ತಾಗ ನನಗೆ ಅರ್ಥವಾಯಿತು. ನಾನೂ ಬರುತ್ತೇನೆ.

ಅವರಿಗೆ ಖಾರ ಎಷ್ಟು ಆಗುತ್ತದೆ, ಕಡಲೆಕಾಯಿ ಆಗುತ್ತದೆಯೇ, ಮಲಗಲು ದಿಂಬು ಎಷ್ಟು ಬೇಕು, ಎಲ್ಲ ಬರೆದು ಕಳಿಸು. ಕುದಿಸಿ ಆರಿಸಿದ ನೀರಿನ ಬಾಟಲಿಯನ್ನು ಮೂವರಿಗೂ ಬೇರೆ ಬೇರೆ ಕೊಡುತ್ತೇನೆ, ಹೊರಗಿನ ನೀರು ಮುಟ್ಟಬೇಡಿ. ನಿನ್ನ ಟಿಕೆಟ್ಟಿನ ತಾರೀಖು ಇನ್ನೂ ತಿಳಿಸಿಲ್ಲ, ಅದನ್ನು ಮೊದಲು ತಿಳಿಸು. ಭಾನುವಾರ ಯಾವ ದಿನಕ್ಕೆ ಬೀಳುತ್ತದೆ ನೋಡಿಕೊಂಡು ದೊಡ್ಡಪ್ಪ ಆಟೋದವನಿಗೆ ಹೇಳಿಡಬೇಕಂತೆ.

ಇಂತಿ ನಿನ್ನ,
ದೊಡ್ಡಮ್ಮ