ತೋಟದ ಮನೆಯ ಮೇಲೆ ಗಾಳಿಯಂತ್ರ: ಮುಂದುವರಿಯಲೇ, ಬಿಡಲೇ?

ಪ್ರಶ್ನೆ: ನಮ್ಮದು ಹೊಸದುರ್ಗ ತಾಲ್ಲೂಕಿನ ಹಳ್ಳಿ. ನಾಲ್ಕು ಎಕರೆ ತೆಂಗಿನ ತೋಟದ ನಡುವೆ ಮನೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ದೂರದ ಗುಡ್ಡದ ಮೇಲೆ ಕಂಪನಿಯವರ ಫ್ಯಾನುಗಳು ತಿರುಗುತ್ತಿರುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಸಂಜೆಯಾದರೆ ಕರೆಂಟ್ ಇರುವುದಿಲ್ಲ. ಇನ್ವರ್ಟರ್ ಇದೆ, ಆದರೆ ಬ್ಯಾಟರಿ ಚಾರ್ಜ್ ಆಗುವಷ್ಟು ಹೊತ್ತೂ ಲೈನ್ ನಿಲ್ಲುವುದಿಲ್ಲ. ಮಗಳು ಎಸ್ಸೆಸ್ಸೆಲ್ಸಿ. ಕಳೆದ ತಿಂಗಳು ಒಬ್ಬರು ಬಂದು, 1 ಕಿಲೋವ್ಯಾಟಿನ ಸಣ್ಣ ಗಾಳಿಯಂತ್ರವನ್ನು ಮೋಲ್ಡ್ ಮೇಲೆ ಹತ್ತಡಿ ಪೈಪ್ ನಿಲ್ಲಿಸಿ ಕೂರಿಸಿಕೊಡುತ್ತೇವೆ, ಕಂಬ ಗಿಂಬ ಏನೂ ಬೇಡ, ಎಲ್ಲ ಸೇರಿ ಒಂದು ಲಕ್ಷದ ಎಪ್ಪತ್ತೈದು ಸಾವಿರ ಎಂದರು. ಹತ್ತು ಸಾವಿರ ಅಡ್ವಾನ್ಸ್ ಕೊಟ್ಟುಬಿಟ್ಟೆ. ಅಪ್ಪ ‘ದುಡ್ಡು ಗಾಳಿಗೆ ತೂರ್ತಾ ಇದೀಯ’ ಎಂದು ಮಾತೇ ಬಿಟ್ಟಿದ್ದಾರೆ. ಮನೆ ಸುತ್ತ ಮರಗಳಿರುವುದು ನಿಜ. ತೋಟದ ಪಡುವಣಕ್ಕೆ ನಮ್ಮದೇ ಎರಡು ಎಕರೆ ಖುಷ್ಕಿ ದಿಬ್ಬ ಇದೆ, ಅಲ್ಲಿ ಹುರುಳಿ ಬಿಟ್ಟರೆ ಏನೂ ಬರುವುದಿಲ್ಲ. ಮುಂದುವರಿಯಲೇ, ಬಿಡಲೇ?
– ಹೆಸರು ಬೇಡ, ಹೊಸದುರ್ಗ ತಾಲ್ಲೂಕು

ಉತ್ತರ: ಮೊದಲು ಅಡ್ವಾನ್ಸಿನ ಮಾತು ಮುಗಿಸೋಣ. ಹತ್ತು ಸಾವಿರ ವಾಪಸ್ ಕೇಳಿ. ಕೊಟ್ಟರೆ ಸರಿ, ಕೊಡದಿದ್ದರೆ ಹೋಯಿತು ಅಂದುಕೊಳ್ಳಿ. ಅದನ್ನು ಉಳಿಸಿಕೊಳ್ಳಲು ಹೋಗಿ ಮಿಕ್ಕ ಒಂದು ಲಕ್ಷದ ಅರವತ್ತೈದು ಸಾವಿರವನ್ನೂ ಕಳೆದುಕೊಳ್ಳಬೇಡಿ. ಮೋಲ್ಡ್ ಮೇಲಿನ ಯಂತ್ರ ನಿಮ್ಮ ಮನೆಗೆ ಬೇಡವೇ ಬೇಡ. ಈ ವಿಷಯದಲ್ಲಿ ನಿಮ್ಮ ತಂದೆಯವರ ಮಾತೇ ಸರಿ.

ಗುಡ್ಡದ ಮೇಲೆ ಫ್ಯಾನು ತಿರುಗುವುದನ್ನು ದಿನಾ ನೋಡುವವರಿಗೆ ‘ನಮ್ಮೂರಿನಲ್ಲಿ ಗಾಳಿಗೇನು ಬರ’ ಅನ್ನಿಸುವುದು ಸಹಜ. ಜೋಗಿಮಟ್ಟಿಯಿಂದ ಹಿಡಿದು ನಿಮ್ಮ ಕಡೆಯ ಗುಡ್ಡಗಳವರೆಗೆ ಕಂಪನಿಗಳು ಸುಮ್ಮನೆ ಬಂದು ಕೂತಿಲ್ಲ. ಆದರೆ ಅವು ಕೂತಿರುವುದು ಗುಡ್ಡದ ನೆತ್ತಿಯ ಮೇಲೆ, ಅಲ್ಲಿಂದ ಮೇಲಕ್ಕೆ ಮತ್ತೆ ನೂರಾರು ಅಡಿಯ ಕಂಬ. ಪಡುವಣದಿಂದ ಬರುವ ಮುಂಗಾರು ಗಾಳಿ ಗುಡ್ಡ ಹತ್ತುವಾಗ ಒತ್ತರಿಸಿಕೊಂಡು ಜೋರಾಗುತ್ತದೆ, ಗುಡ್ಡದ ಮರೆಯಲ್ಲಿ ಸುಸ್ತಾಗುತ್ತದೆ. ನಿಮಗೆ ಮಾರಲು ಬಂದವರು ನಕ್ಷೆ ತೋರಿಸಿರಬಹುದು. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ನಕ್ಷೆಯಲ್ಲಿ ನಿಮ್ಮ ಸೀಮೆಗೆ ಒಳ್ಳೆಯ ಬಣ್ಣವೇ ಇದೆ. ಆ ಬಣ್ಣ 100, 120 ಮೀಟರ್ ಎತ್ತರದ ಗಾಳಿಯದು, ನಿಮ್ಮ ಮಾಳಿಗೆಯದಲ್ಲ.

ಈಗ ನಿಮ್ಮ ಮನೆಗೆ ಬನ್ನಿ. ಫಲಕ್ಕೆ ಬಂದ ತೆಂಗು ಐವತ್ತು ಅಡಿ ಎಂದಿಟ್ಟುಕೊಳ್ಳಿ. ಮೋಲ್ಡ್ ಹನ್ನೆರಡು ಅಡಿ, ಪೈಪು ಹತ್ತು ಅಡಿ, ಒಟ್ಟು ಇಪ್ಪತ್ತೆರಡು. ಅಂದರೆ ಯಂತ್ರ ನಿಲ್ಲುವುದು ಮರದ ತುದಿಗಿಂತ ನಾಲ್ಕೈದಾಳು ಕೆಳಗೆ. ಬಾವಿಯೊಳಗೆ ಗಾಳಿಪಟ ಹಾರಿಸಿದ ಹಾಗೆ. ಗಾಳಿಗೆ ಅಡ್ಡವಾಗಿ ಏನಾದರೂ ನಿಂತರೆ ಅದರ ಹಿಂದೆ, ಅದರ ಎತ್ತರದ ಇಪ್ಪತ್ತು ಪಟ್ಟು ದೂರದವರೆಗೂ ಗಾಳಿ ಕದಡಿ ಹೋಗಿರುತ್ತದೆ. ಮೇಲ್ಮುಖವಾಗಿ ಎರಡು ಪಟ್ಟು ಎತ್ತರದವರೆಗೂ ಆ ಕದಡು ಇರುತ್ತದೆ. ಐವತ್ತು ಅಡಿ ತೆಂಗಿನ ಸಾಲಿನ ಹಿಂದೆ ಸಾವಿರ ಅಡಿ! ನಿಮ್ಮ ತೋಟವೇ ಅಷ್ಟು ಉದ್ದವಿರಲಿಕ್ಕಿಲ್ಲ.

ಸ್ವಲ್ಪ ಕಡಿಮೆ ಗಾಳಿ ಸಿಕ್ಕರೆ ಸ್ವಲ್ಪ ಕಡಿಮೆ ಕರೆಂಟ್ ಬರುತ್ತದೆ, ಅಷ್ಟೇ ತಾನೆ ಎಂದು ನೀವು ಕೇಳಬಹುದು. ಮೋಸವಾಗುವುದೇ ಈ ಲೆಕ್ಕದಲ್ಲಿ. ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು, ಅರ್ಧಕ್ಕಿಳಿದರೆ ಎಂಟನೇ ಒಂದು ಪಾಲು. ‘1 ಕಿಲೋವ್ಯಾಟ್’ ಎಂದು ಯಂತ್ರದ ಮೇಲೆ ಬರೆದಿರುವುದು ಸಾಮಾನ್ಯವಾಗಿ ಸೆಕೆಂಡಿಗೆ 12 ಮೀಟರಿನ ಆಸುಪಾಸಿನ ಗಾಳಿಗೆ, ಅಂದರೆ ಗಂಟೆಗೆ 43 ಕಿಲೋಮೀಟರ್. ಅಷ್ಟು ಗಾಳಿಗೆ ಕೊಡೆ ಹಿಡಿದು ನಡೆಯುವುದು ಕಷ್ಟ. ಎಲೆ, ಸಣ್ಣ ಟೊಂಗೆ ಒಂದೇ ಸಮನೆ ಅಲುಗುವ ಗಾಳಿ ಸುಮಾರು 4 ಮೀಟರಿನದು. ಮೂರನೇ ಒಂದು ವೇಗ ಎಂದರೆ ಇಪ್ಪತ್ತೇಳನೇ ಒಂದು ಶಕ್ತಿ. ಸಾವಿರ ವ್ಯಾಟಿನ ಯಂತ್ರ ಆಗ ಕೊಡುವುದು 37 ವ್ಯಾಟ್. ಹಳೇ ಕಾಲದ ಒಂದು ಟ್ಯೂಬ್‌ಲೈಟು.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಹದಿನಾಲ್ಕು ವರ್ಷದ ಹಿಂದೆ ತುಮಕೂರಿನ ನಮ್ಮ ಮನೆಯ ತಾರಸಿಯಲ್ಲಿ ನಾನೇ ಇಂಥದ್ದೊಂದನ್ನು ಕೂರಿಸಿದ್ದೆ. ಕದಡಿದ ಗಾಳಿಯಲ್ಲಿ ಅದು ರೆಕ್ಕೆ ತಿರುಗಿಸುವುದಕ್ಕಿಂತ ಬಾಲ ತಿರುಗಿಸಿದ್ದೇ ಹೆಚ್ಚು. ಜಾತ್ರೆಯಲ್ಲಿ ಮನೆಯವರಿಂದ ತಪ್ಪಿಸಿಕೊಂಡವರ ಹಾಗೆ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ. ರಾತ್ರಿ ಗಾಳಿ ಬೀಸಿದರೆ ಗುಂಯ್ ಎನ್ನುವ ನಡುಕ ಪೈಪಿನಿಂದ ಗೋಡೆಗಿಳಿದು, ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ‘ಅಳಿಯಂದ್ರೇ, ಕರೆಂಟ್ ಕೊಡ್ತೋ ಬಿಡ್ತೋ, ನಿದ್ದೆ ಮಾತ್ರ ತಗೊಂಡ್ಹೋಯ್ತು’ ಎಂದರು ನಮ್ಮ ಅತ್ತೆ. ಮೂರು ತಿಂಗಳಿಗೆ ಮೀಟರು ತೋರಿಸಿದ್ದು 19 ಯೂನಿಟ್. ಪೈಪಿನ ಬುಡದಲ್ಲಿ ಬಿಟ್ಟ ಬಿರುಕಿನಿಂದ ಮಳೆಗಾಲದಲ್ಲಿ ಸೋರಿದ್ದು ಬೇರೆ. ಇಂಗ್ಲೆಂಡಿನ ವಾರ್ವಿಕ್ ಪ್ರಯೋಗದಲ್ಲೂ ಇದೇ ಕಥೆ. ಕಟ್ಟಡಗಳ ಮೇಲೆ ಕೂರಿಸಿದ್ದ 26 ಯಂತ್ರಗಳನ್ನು ಅಳೆದು 2009ರಲ್ಲಿ ವರದಿ ಕೊಟ್ಟರು. ನಿಂತ ದಿನಗಳನ್ನೂ ಸೇರಿಸಿದರೆ ಒಂದೊಂದರ ಸರಾಸರಿ ಗಳಿಕೆ ದಿನಕ್ಕೆ 214 ವ್ಯಾಟ್-ಅವರ್, ಕಾಲು ಯೂನಿಟ್ಟೂ ಇಲ್ಲ. ಎತ್ತರದ ಕಟ್ಟಡದ ಮೇಲಿದ್ದ ಕೆಲವು ಚೆನ್ನಾಗಿ ಓಡಿದವು, ಆದರೆ ಸದ್ದು ತಾಳಲಾರದೆ ಕೆಳಗಿನ ಮನೆಯವರು ನಿಲ್ಲಿಸುವಂತೆ ಮಾಡಿದರು.

ಇನ್ನು ನಿಮ್ಮ ವ್ಯಾಪಾರಿ ಮುಂದಿನ ಸಲ ಬಂದರೆ ‘ಹಾಗಾದರೆ ಕಡಗೋಲಿನ ಹಾಗೆ ನೆಟ್ಟಗೆ ನಿಂತು ತಿರುಗುವ ಮಾಡೆಲ್ ಇದೆ, ಅದಕ್ಕೆ ಯಾವ ದಿಕ್ಕಿನ ಗಾಳಿಯಾದರೂ ಸೈ’ ಅನ್ನುತ್ತಾರೆ. ದಿಕ್ಕಿನ ಮಾತು ಸರಿ. ಆದರೆ ಇಲ್ಲದ ಗಾಳಿಯನ್ನು ಅದೂ ಹುಟ್ಟಿಸಲಾರದು. ‘ನಮ್ಮದು ಗಾಳಿಯ ಎಂಬತ್ತು ಪರ್ಸೆಂಟ್ ಶಕ್ತಿ ಹಿಡಿಯುತ್ತದೆ’ ಎಂದರೆ ಮರ್ಯಾದೆಯಿಂದ ಕಾಫಿ ಕೊಟ್ಟು ಕಳಿಸಿ. ಯಾವ ಯಂತ್ರವೂ 59 ಪರ್ಸೆಂಟಿಗಿಂತ ಹೆಚ್ಚು ಹಿಡಿಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ 1919ರಷ್ಟು ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದಾರೆ. ಸಣ್ಣ ಯಂತ್ರಗಳು ಅದರ ಅರ್ಧ ಮುಟ್ಟಿದರೆ ದೊಡ್ಡದು.

ನಿಮಗೆ ಬೇಕಾಗಿರುವುದಾದರೂ ಏನು? ಗೃಹಜ್ಯೋತಿ ಬಂದ ಮೇಲೆ ನಿಮ್ಮಂಥ ಮನೆಗೆ ಬಿಲ್ಲಿನ ಚಿಂತೆ ಅಷ್ಟಿರುವುದಿಲ್ಲ. ಚಿಂತೆ ಇರುವುದು ಸಂಜೆ ಆರರಿಂದ ಹತ್ತರವರೆಗೆ ಮಗಳ ಮೇಜಿನ ಮೇಲಿನ ಬೆಳಕಿನದು. ಮೂರು ನಾಲ್ಕು ಎಲ್‌ಇಡಿ ಬಲ್ಬು, ಒಂದು ಫ್ಯಾನು, ಮೊಬೈಲು. ದಿನಕ್ಕೆ ಒಂದು ಯೂನಿಟ್ ಧಾರಾಳ. ಇನ್ವರ್ಟರ್, ಬ್ಯಾಟರಿ ಮನೆಯಲ್ಲೇ ಇವೆ. ತೆಂಗಿನ ನೆರಳು ಬೀಳದ ಜಾಗದಲ್ಲಿ 500 ವ್ಯಾಟಿನ ಸೋಲಾರ್ ಹಲಗೆ, ಅದಕ್ಕೊಂದು ಚಾರ್ಜ್ ಕಂಟ್ರೋಲರ್ ಹಾಕಿಸಿದರೆ ಬಿಸಿಲಿನ ದಿನ ಎರಡು ಯೂನಿಟ್ ಸಿಗುತ್ತದೆ. ಮೋಡದ ದಿನ ಅರ್ಧಕ್ಕಿಳಿದರೂ ಕೆಲಸ ನಡೆಯುತ್ತದೆ. ಪಿಎಂ ಸೂರ್ಯಘರ್ ಸಬ್ಸಿಡಿಯ ಆಸೆಗೆ ಲೈನಿಗೆ ಜೋಡಿಸುವ ಸೋಲಾರ್ ಹಾಕಿಸಿಕೊಳ್ಳುವವರಿದ್ದಾರೆ. ಬರೀ ಅದೊಂದೇ ಆದರೆ ಕರೆಂಟ್ ಹೋದಾಗ ಅದೂ ನಿಂತುಬಿಡುತ್ತದೆ, ಬ್ಯಾಟರಿ ಇಲ್ಲದೆ ನಿಮ್ಮ ಸಂಕಟ ತಪ್ಪುವುದಿಲ್ಲ. ಪರೀಕ್ಷೆ ಮುಂದಿದೆ, ಹಲಗೆ ಈ ತಿಂಗಳೇ ಹಾಕಿಸಿ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಪತ್ರದಲ್ಲಿ ನೀವು ಹೋಗ್ತಾ ಹೋಗ್ತಾ ಹೇಳಿರುವ ಆ ಖುಷ್ಕಿ ದಿಬ್ಬ ನನ್ನನ್ನು ಬಿಡುತ್ತಿಲ್ಲ. ತೋಟದ ಪಡುವಣಕ್ಕಿದೆ ಎಂದರೆ ಮುಂಗಾರು ಗಾಳಿ ಮೊದಲು ಮುಟ್ಟುವುದೇ ಅದನ್ನು, ತೆಂಗನ್ನಲ್ಲ. ಬಿಸಿಲು ಮಂಕಾಗುವ ಆಷಾಢ–ಶ್ರಾವಣದಲ್ಲೇ ಗಾಳಿ ಏರುವುದರಿಂದ ಸೋಲಾರಿಗೆ ಅದು ಒಳ್ಳೆಯ ಜೋಡಿ. ಈ ಕಸುಬಿನವರ ನಿಯಮ ಒಂದಿದೆ: ಸುತ್ತ ಐನೂರು ಅಡಿಯೊಳಗಿರುವ ಮರ, ಮನೆ ಯಾವುದೇ ಇರಲಿ, ಅದರ ತುದಿಗಿಂತ ರೆಕ್ಕೆಯ ಕೆಳತುದಿ ಮೂವತ್ತು ಅಡಿ ಮೇಲಿರಬೇಕು. ತೆಂಗಿಗೆ ಹತ್ತಿರ ನಿಲ್ಲಿಸಿದರೆ ಎಂಬತ್ತು ಅಡಿ ದಾಟುವ ಕಂಬ ಬೇಕು. ದಿಬ್ಬದ ಪಡುವಣ ಅಂಚಿಗೆ ಹೋದಷ್ಟೂ ಕಂಬದ ಎತ್ತರ ಇಳಿಯುತ್ತದೆ. ಹಾಗಂತ ನಿಮ್ಮ ಬದುವಿನಾಚೆ ಪಕ್ಕದವರು ಅಡಿಕೆ ಹಾಕುವ ಯೋಚನೆಯಲ್ಲಿದ್ದಾರೋ ಏನೋ, ಕೇಳಿಕೊಳ್ಳಿ. ಈಗ ನಿಮ್ಮ ಕಡೆ ಎಲ್ಲರಿಗೂ ಅಡಿಕೆಯ ಹುಚ್ಚು.

ಕಂಬಕ್ಕೆ, ಸ್ಟೇ ವೈರಿಗೆ, ತಳಪಾಯಕ್ಕೆ, ಅರ್ಥಿಂಗಿಗೆ, ಮನೆವರೆಗಿನ ಕೇಬಲಿಗೆ ಯಂತ್ರದಷ್ಟೇ ದುಡ್ಡು ಬೇಕಾದೀತು. ಇಲ್ಲಿ ಜುಗ್ಗತನ ಮಾಡಿದವರೇ ಮೋಲ್ಡ್ ಮೇಲೆ ಪೈಪು ನಿಲ್ಲಿಸುವುದು. ಬೋರಿನ ಮೋಟರಿಗೆ ತೆಳು ಕೇಬಲ್ ಎಳೆದರೆ ವೋಲ್ಟೇಜ್ ಬಿದ್ದು ಕಾಯಿಲ್ ಸುಡುವುದು ನಿಮಗೆ ಗೊತ್ತೇ ಇದೆ. ಇದೂ ಹಾಗೆಯೇ, ಅಷ್ಟು ದೂರಕ್ಕೆ 12 ವೋಲ್ಟಿನ ಯಂತ್ರ ತರಲೇಬೇಡಿ, 48 ವೋಲ್ಟ್ ಇರಲಿ. ಬುಡದಲ್ಲಿ ಕೀಲಿದ್ದು, ಟ್ರ್ಯಾಕ್ಟರ್ ಕಟ್ಟಿ ಮಲಗಿಸಲು ಬರುವ ಕಂಬವೇ ಆಗಬೇಕು. ಪ್ರತಿ ವರ್ಷ ಆಷಾಢಕ್ಕೆ ಮುಂಚೆ ಮಲಗಿಸಿ ನಟ್ಟು ಬೋಲ್ಟು ನೋಡಬೇಕಾಗುತ್ತದೆ, ಎಂಬತ್ತು ಅಡಿ ಹತ್ತುವವರು ಯಾರು? ಇನ್ನೊಂದು: ಬ್ಯಾಟರಿ ತುಂಬಿದಾಗ ಸೋಲಾರ್ ಹಲಗೆ ಸುಮ್ಮನಿರುತ್ತದೆ, ಗಾಳಿಯಂತ್ರ ಸುಮ್ಮನಿರುವುದಿಲ್ಲ. ಹೊರೆ ತಪ್ಪಿದರೆ ನೊಗ ಕಳಚಿದ ಹೋರಿಯ ಹಾಗೆ ಓಡಿ ಮುರಿದುಕೊಳ್ಳುತ್ತದೆ. ಹೆಚ್ಚಾದ ಕರೆಂಟನ್ನು ಹೀಟರ್ ಕಾಯಿಲಿಗೆ ತಿರುಗಿಸುವ ಕಂಟ್ರೋಲರ್ ಇಲ್ಲದ ಯಂತ್ರವನ್ನು ಕೊಳ್ಳಬೇಡಿ.

ಇದೆಲ್ಲ ಮುಂದಿನ ಮಾತು. ಅದಕ್ಕೆ ಮೊದಲು ದಿಬ್ಬದ ಗಾಳಿ ಎಷ್ಟಿದೆ ಎಂದು ಗೊತ್ತಾಗಬೇಕು. ವರ್ಷದ ಸರಾಸರಿ ಸೆಕೆಂಡಿಗೆ 5 ಮೀಟರ್ ಇದ್ದರೆ ಎಂಟಡಿ ಅಗಲ ತಿರುಗುವ ಯಂತ್ರ ದಿನಕ್ಕೆ ಮೂರು ಯೂನಿಟ್ಟಿನ ಹತ್ತಿರ ಕೊಡುತ್ತದೆ. 3 ಮೀಟರ್ ಇದ್ದರೆ ಮುಕ್ಕಾಲು ಯೂನಿಟ್ಟೂ ಕಷ್ಟ. ಬಟ್ಟಲುಗಳು ತಿರುಗಿ ಲೆಕ್ಕ ಬರೆದಿಡುವ ಗಾಳಿಮಾಪಕವನ್ನು ಒಂದು ವರ್ಷ ಎತ್ತರದಲ್ಲಿ ಕಟ್ಟಿಡುವುದೇ ಸರಿಯಾದ ದಾರಿ. ಅಷ್ಟು ಖರ್ಚಿಗೂ ಮುಂಚೆ ಬಿಟ್ಟಿ ಪರೀಕ್ಷೆ ಒಂದಿದೆ. ಆಷಾಢದಲ್ಲಿ ದೊಡ್ಡದೊಂದು ಗಾಳಿಪಟ ಮಾಡಿ, ನೂಲಿನ ದಾರಕ್ಕೆ ಹತ್ತತ್ತು ಅಡಿಗೊಂದು ಹಳೇ ಸೀರೆಯ ಪಟ್ಟಿ ಕಟ್ಟಿ, ಕರೆಂಟಿನ ತಂತಿಯಿಂದ ದೂರ ನಿಂತು ಹಾರಿಸಿ. ಕೆಳಗಿನ ಪಟ್ಟಿಗಳು ಮೇಲೆ ಕೆಳಗೆ ಒದ್ದಾಡುತ್ತವೆ. ಎಲ್ಲಿಂದ ಮೇಲಕ್ಕೆ ಪಟ್ಟಿಗಳು ಒಂದೇ ದಿಕ್ಕಿಗೆ ನೆಟ್ಟಗೆ ಚಾಚಿ ನಿಲ್ಲುತ್ತವೋ ನಿಮ್ಮ ಕಂಬ ಅದಕ್ಕಿಂತ ಎತ್ತರವಿರಬೇಕು. ದಾರ ಓರೆಯಾಗಿರುತ್ತದೆ, ಅದರ ಉದ್ದವನ್ನೇ ಎತ್ತರ ಎಂದುಕೊಳ್ಳಬೇಡಿ. ಇದೇ ಪರೀಕ್ಷೆಯನ್ನು ಮನೆಯ ಮಾಳಿಗೆ ಮೇಲೂ ಒಮ್ಮೆ ಮಾಡಿನೋಡಿ, ಗಾಳಿಪಟ ಏಳುವುದೇ ಅನುಮಾನ.

ಶ್ರಾವಣ ಕಳೆದ ಮೇಲೆ ಬರೆಯಿರಿ, ದಿಬ್ಬದ ಮೇಲೆ ಎಷ್ಟನೇ ಪಟ್ಟಿಯಿಂದ ನೆಟ್ಟಗಾಯಿತು ಎಂದು. ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ. ಆ ಗಾಳಿಗೆ ದೊಡ್ಡ ಪಟದ ದಾರ ಹಿಡಿಯಲು ಒಬ್ಬರಿಂದ ಆಗುವುದಿಲ್ಲ.