ಹುಲ್ಲು ಸತ್ತಿಲ್ಲ, ಬೇರು ನೋಡಿ

ನಮ್ಮ ಬಯಲುಸೀಮೆಯಲ್ಲಿ ಮಾಘ ಮಾಸ ಕಳೆಯೋ ಹೊತ್ತಿಗೆ ಬೀಳಿನ ಹುಲ್ಲೆಲ್ಲಾ ಒಣಗಿ ನಿಲ್ಲುತ್ತದೆ. "ಇನ್ನೇನೈತೆ ಇದರಲ್ಲಿ" ಅಂತ ದನ ಬಿಟ್ಟು ಬುಡದವರೆಗೂ ಮೇಯಿಸುತ್ತೇವೆ. ಕೆಲವರು ಬೆಂಕಿ ಕೊಡುತ್ತಾರೆ. ನಾನೂ ಹಾಗೆ ಮಾಡಿ ಕೆಟ್ಟವನೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೊಲದ ಮೇಲ್ಗಡೆ ಒಂದು ಎಕರೆ ಕೆಂಪು ಮಣ್ಣಿನ ಬೀಳು ಇದೆ. ಎರಡು ಎತ್ತು, ಒಂದು ಹಸುವಿಗೆ ಅದೇ ಆಸರೆ. ವರ್ಷ ವರ್ಷಕ್ಕೂ ಹುಲ್ಲು ತೆಳ್ಳಗಾಗಿ ತಂಗಡಿ, ಕಾಂಗ್ರೆಸ್ ಗಿಡ ಹೆಚ್ಚಿದವು. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 223 ತಾಲೂಕುಗಳಿಗೆ ಬರ ಅಂತ ಸರ್ಕಾರವೇ ಸಾರಿದ ವರ್ಷ. ಮೇವು ಕೊಳ್ಳಲಾಗದೆ ಒಂದು ಎತ್ತು ಮಾರಿದೆ. ಉಳಿದ ಒಂಟಿ ಎತ್ತನ್ನು ಪಕ್ಕದ ಹೊಲದವರ ಎತ್ತಿಗೆ ಜೊತೆ ಮಾಡಿ ಆ ವರ್ಷ ಬೇಸಾಯ ಸಾಗಿಸಿದೆ.

ಚಳಿ ಕಳೆದ ಮೇಲೆ, ಮೇವಿನ ವಿಷಯ ಓದಿ ಬಲ್ಲವರೊಬ್ಬರನ್ನು ಕರೆತಂದು ಬೀಳು ತೋರಿಸಿದೆ. ಅವರು ಒಣಗಿದ ಒಂದು ಬುಡ ಹಿಡಿದು ಎಳೆದರು. ಬರಲಿಲ್ಲ. ಕೆದಕಿದರೆ ಬುಡ ಬೆಳ್ಳಗೆ, ಗಟ್ಟಿ ಇತ್ತು. "ಯಜಮಾನ್ರೇ, ಇದು ಸತ್ತಿಲ್ಲ, ಹಸಿದೈತೆ" ಅಂದರು. ಎಳೆದ ಕೂಡಲೇ ಪುಡಿಯಾಗಿ ಕಿತ್ತು ಬಂದರೆ ಮಾತ್ರ ಸತ್ತಿದೆ ಅಂತ ತಿಳಿಯಬೇಕು.

ಅವರು ಹೇಳಿದ್ದು ಇಷ್ಟು. ಹುಲ್ಲಿಗೆ ಬುಡ ಮತ್ತು ಬೇರೇ ಹಗೇವು. ಮೊದಲ ಮಳೆಗೆ ಬರುವ ಎಳೆ ಗರಿ ಆ ಹಗೇವಿನ ಕಾಳು ತಿಂದೇ ಬೆಳೆಯುತ್ತದೆ. ಗರಿ ಅಗಲವಾದ ಮೇಲೆ ಹಗೇವಿಗೆ ಮತ್ತೆ ತುಂಬುತ್ತದೆ. ನಾವು ಚಿಗುರು ಕಂಡ ದಿನವೇ ದನ ಬಿಟ್ಟರೆ, ಅದು ಮತ್ತೆ ಚಿಗುರಿದಾಗ ಮತ್ತೆ ಮೇಯಿಸಿದರೆ, ಹಗೇವು ಬರಿದಾಗುತ್ತದೆ. ಹುಲ್ಲು ಕೆಡುವುದು ಚಳಿಗೂ ಅಲ್ಲ, ಬಿಸಿಲಿಗೂ ಅಲ್ಲ, ನಮ್ಮ ಆತುರಕ್ಕೆ.

ಅವರ ಮಾತಿನಂತೆ ನಾನು ಮಾಡಿದ್ದು:

1. ಬೆಂಕಿ ನಿಲ್ಲಿಸಿದೆ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಬೇರು ಸಮೇತ ಕಿತ್ತೆ.

2. ಬೀಳನ್ನು ಪೂರಾ ಉಳಲಿಲ್ಲ. ಉತ್ತರೆ ಬದುಕಿದ ಬುಡವೂ ಹೋಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಅಲ್ಲಲ್ಲಿ ಒಂದೊಂದು ಸಾಲು ಹೊಡೆದೆ, ಹರಿಯುವ ನೀರು ನಿಲ್ಲಲಿ ಅಂತ.

3. ಬೋಳಾದ ಕಡೆ ಮಾತ್ರ ಅಂಜನ ಹುಲ್ಲು ಮತ್ತು ಸ್ಟೈಲೋ ಬೀಜ ಎರಚಿದೆ. ಪೂರ್ತಿ ಬೋಳು ಎಕರೆಗಾದರೆ ಅಂಜನ ಮೂರು ಕಿಲೋ, ಸ್ಟೈಲೋ ನಾಲ್ಕು ಕಿಲೋ ಸಾಕು. ಅಂಜನದ ಹೊಸ ಬೀಜ ಸರಿಯಾಗಿ ಮೊಳೆಯುವುದಿಲ್ಲ, ಹಿಂದಿನ ವರ್ಷದ್ದೇ ಬೇಕು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಕುದಿಯದ, ಆದರೆ ಚೆನ್ನಾಗಿ ಸುಡುವ ನೀರಲ್ಲಿ (80 ಡಿಗ್ರಿ) ನಾಲ್ಕು ನಿಮಿಷ ಅದ್ದಿ, ರಾತ್ರಿ ತಣ್ಣೀರಲ್ಲಿ ನೆನೆಹಾಕಬೇಕು. ಜರಡಿ ಹಿಡಿದ ಗೊಬ್ಬರದ ಜೊತೆ ಎರಚಿ, ಜಾಲಿ ಕೊಂಬೆ ಎಳೆದರೆ ಆಯಿತು. ಬೀಜ ಆಳಕ್ಕೆ ಹೋಗಬಾರದು.

4. ಮೊದಲ ವರ್ಷ ದನ ಬಿಡಲೇ ಇಲ್ಲ. ಹೂ ಬಂದ ಮೇಲೆ ಕುಡುಗೋಲಿನಲ್ಲಿ ಕೊಯ್ದೆ, ಬುಡದಲ್ಲಿ ನಾಲ್ಕು ಬೆರಳು ಬಿಟ್ಟು.

ಕಷ್ಟವಾದದ್ದು ನಾಲ್ಕನೆಯದೇ. ಕಣ್ಣೆದುರಿಗೆ ಹಸಿರು ಇದೆ, ಕೊಟ್ಟಿಗೆಯಲ್ಲಿ ದನ ಕೂಗುತ್ತದೆ. ಒಂದು ದಿನ ನಮ್ಮ ಮನೆಯವಳು "ಹುಲ್ಲಿಗೆ ಪೂಜೆ ಮಾಡ್ತೀಯೋ, ದನ ಸಾಕ್ತೀಯೋ" ಅಂದಳು. ಆ ಎರಡು ತಿಂಗಳು ಬದುವಿನ ಹುಲ್ಲು, ರಾಗಿ ಹುಲ್ಲಿನಲ್ಲೇ ತಳ್ಳಿದೆವು. ಬೇರೆ ಮೇವು ಇಲ್ಲದವರು ಪೂರಾ ಬೀಳಿಗೆ ಕೈಹಾಕಬೇಡಿ. ಕಾಲು ಭಾಗಕ್ಕೆ ಮುಳ್ಳುಬೇಲಿ ಕಟ್ಟಿ ಶುರು ಮಾಡಿ.

ಈಗ ಎರಡು ಮಳೆಗಾಲ ಕಳೆದಿವೆ. ಬೀಳನ್ನು ನಾಲ್ಕು ಪಾಲು ಮಾಡಿ ಸರದಿಯಲ್ಲಿ ಮೇಯಿಸುತ್ತೇನೆ. ಬೋಳು ಪೂರ್ತಿ ಮುಚ್ಚಿಲ್ಲ, ಆದರೂ ಮಳೆ ನೀರು ಮೊದಲಿನಷ್ಟು ಕೆಂಪಗೆ ಹರಿಯುವುದಿಲ್ಲ. ಮಾರಿದ ಎತ್ತು ತಿರುಗಿ ಬರಲಿಲ್ಲ. ಈ ಸಲ ಒಂದು ಹೋರಿಗರು ತಂದು ಕಟ್ಟಿದ್ದೇನೆ.

ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಬಲ್ಲವರನ್ನು ಕೇಳಲು ನಾಚಿಕೆ ಬೇಡ. ಅದಕ್ಕೂ ಮೊದಲು ಈ ಚಳಿ ಕಳೆದ ಮೇಲೆ ನಿಮ್ಮ ಬೀಳಿನಲ್ಲಿ ನಾಲ್ಕಾರು ಬುಡ ಎಳೆದು ನೋಡಿ.