ಮಿಶ್ರಿ ಬಿಡಿ, ಮಾತ್ರೆ ಬಿಡಬೇಡಿ

ಪ್ರಶ್ನೆ: ಏಳು ವರ್ಷಗಳ ಹಿಂದೆ ಅವ್ವ ನನಗೆ ಕಿಡ್ನಿ ಕೊಟ್ಟಳು. ಅಂದಿನಿಂದ ಸೈಕ್ಲೋಸ್ಪೊರಿನ್, ಬಿಪಿಗೆ ಆಮ್ಲೋಡಿಪಿನ್ ತಪ್ಪದೆ ನುಂಗುತ್ತಿದ್ದೇನೆ. ಈಗ ವಸಡು ಉಬ್ಬಿ ಮುಂದಿನ ಹಲ್ಲುಗಳು ಅರ್ಧ ಮುಚ್ಚಿವೆ. ಜನರೆದುರು ನಗಲು ನಾಚಿಕೆ. ಕೆನ್ನೆಯೊಳಗೆ ಬಿಳಿ ಕಲೆಯೂ ಇದೆ. ತಂಬಾಕಿನ ವಖಾರಿಯಲ್ಲಿ ದುಡಿಯುವಾಗ ಹಲ್ಲಿಗೆ ತಿಕ್ಕಲು ಕಲಿತ ಮಿಶ್ರಿಯನ್ನು ಆಪರೇಷನ್ ಆದಮೇಲೆ ಬಿಟ್ಟಿದ್ದೆ. ವಸಡಿನ ನೋವಿಗೆಂದು ಮತ್ತೆ ಹಿಡಿದಿದ್ದೇನೆ. ಮಾತ್ರೆ ಸ್ವಲ್ಪ ಕಡಿಮೆ ಮಾಡಲೇ?
— ಒಬ್ಬ ತಾಯಿ, ನಿಪ್ಪಾಣಿ

ಉತ್ತರ: ಅಕ್ಕಾ, ಮಾತ್ರೆಯನ್ನು ಒಂದು ಹೊತ್ತೂ ಬಿಡಬೇಡಿ, ಅರ್ಧವೂ ಮಾಡಬೇಡಿ. ಅವ್ವನದೇ ಆದರೂ ಆ ಕಿಡ್ನಿಯನ್ನು ನಿಮ್ಮ ಮೈ ಇಂದಿಗೂ ಹೊರಗಿನದೆಂದೇ ತಿಳಿಯುತ್ತದೆ. ದೇಹದ ಕಾವಲುಪಡೆ ಅದರ ಮೇಲೆ ಏರಿಹೋಗದಂತೆ ತಡೆದಿರುವುದು ಆ ಸೈಕ್ಲೋಸ್ಪೊರಿನ್ ಮಾತ್ರೆ.

ವಸಡು ಬೆಳೆದದ್ದಕ್ಕೆ ನೀವು ನಾಚಬೇಕಾಗಿಲ್ಲ. ಸೈಕ್ಲೋಸ್ಪೊರಿನ್‌ಗೆ ಆ ಗುಣವಿದೆ. ಆಮ್ಲೋಡಿಪಿನ್ ಜೊತೆಯಾದರೆ ಇನ್ನೂ ಹೆಚ್ಚು, ಹಲ್ಲಿನ ಬುಡದಲ್ಲಿ ಪಾಚಿ ಕೂತರೆ ಮತ್ತಷ್ಟು. ಕಿಡ್ನಿ ಡಾಕ್ಟರಿಗೆ ಬಾಯಿ ತೆರೆದು ತೋರಿಸಿ. ಟ್ಯಾಕ್ರೊಲಿಮಸ್‌ಗೆ ಬದಲಿಸಬಹುದೇ, ಬಿಪಿ ಮಾತ್ರೆ ಬೇರೆ ಕೊಡಬಹುದೇ ಎಂದು ನೇರವಾಗಿ ಕೇಳಿ. ಹಾಗೆ ಬದಲಿಸಿದಾಗ ಎಷ್ಟೋ ಜನರ ವಸಡು ಕೆಲವು ತಿಂಗಳಲ್ಲಿ ಇಳಿಯುತ್ತದೆ. ಇಳಿಯದೆ ಉಳಿದದ್ದನ್ನು ಹಲ್ಲಿನ ಡಾಕ್ಟರು ಕತ್ತರಿಸಿ ತೆಗೆಯುತ್ತಾರೆ.

ವಸಡಿಗಿಂತ ನನಗೆ ಹೆಚ್ಚು ಭಯವಾದದ್ದು ಮಿಶ್ರಿಯ ಮಾತು ಓದಿ. ಬಿಳಿ ಕಲೆ ಬರೀ ಫಂಗಸ್ ಇರಬಹುದು. ಅದು ಸಾಮಾನ್ಯವಾಗಿ ಒರೆಸಿದರೆ ಬರುತ್ತದೆ, ಔಷಧಿಗೂ ಬಗ್ಗುತ್ತದೆ. ಒರೆಸಿದರೂ ಹೋಗದ ಕಲೆ, ಎರಡು ವಾರ ದಾಟಿದ ಹುಣ್ಣು ಇದ್ದರೆ ಚೂರು ತೆಗೆದು ಪರೀಕ್ಷೆ ಮಾಡಿಸಲೇಬೇಕು. ಕ್ಯಾನ್ಸರ್ ಆಗಹೊರಟ ಕಣಗಳನ್ನು ಹುಡುಕಿ ಕೊಲ್ಲುವುದೂ ಅದೇ ಕಾವಲುಪಡೆ, ನಿಮ್ಮಲ್ಲಿ ಅದರ ಬಲ ತಗ್ಗಿದೆ. ಅಂಥ ಬಾಯಿಗೆ ಹೆಂಚಿನ ಮೇಲೆ ಕರ್ರಗೆ ಹುರಿದ ತಂಬಾಕು ತಿಕ್ಕುತ್ತಿದ್ದೀರಿ! ಹಲ್ಲುಪುಡಿಯಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು. ಮನೆಯಲ್ಲಿ ಹುರಿಯುವ ಮಿಶ್ರಿಯ ತನಕ ಆ ಕಾನೂನು ಬರಲಿಲ್ಲ. ಮಿಶ್ರಿ ನೋವನ್ನು ಮರೆಸುತ್ತದೆ ಅಷ್ಟೇ. ಊರಿಗೆ ಊರೇ ತಂಬಾಕಿನ ಮೇಲೆ ಬದುಕುವಲ್ಲಿ ಬಿಡುವುದು ಎಷ್ಟು ಕಷ್ಟ ಎಂದು ಬಲ್ಲೆ. 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ, ಬಿಡಿಸಲು ನೆರವಾಗುತ್ತಾರೆ.

ಮೆಡಿಕಲ್ ಅಂಗಡಿಯಲ್ಲಿ ಹಲ್ಲುನೋವೆಂದು ಹೇಳಿ ಗುಳಿಗೆ ತರಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಸೋಂಕಿಗೆ ಕೊಡುವ ಎರಿತ್ರೊಮೈಸಿನ್ ರಕ್ತದಲ್ಲಿ ಸೈಕ್ಲೋಸ್ಪೊರಿನ್ ಮಟ್ಟ ಏರಿಸುತ್ತವೆ. ಕಿಡ್ನಿ ಡಾಕ್ಟರಿಗೆ ತಿಳಿಸದೆ ಅವು ಬೇಡ. ನಿಮ್ಮ ಮಾತ್ರೆಗಳ ಚೀಟಿ ಹಿಡಿದು ಈ ವಾರವೇ ಹಲ್ಲಿನ ಡಾಕ್ಟರ ಬಳಿ ಹೋಗಿ, ಮೊದಲು ಆ ಬಿಳಿ ಕಲೆ ತೋರಿಸಿ.